ಚಾಕ್ ಯಾರು, ಚೀಸ್ ಯಾರು

ಬಂಗ್ಲೆ ಕಾಯುವವನಿಗೆ ಏನು ಕೆಲಸ, ಸುಮ್ಮನೆ ಕೂಡೋದು ಅಂತ ಜನ ಅಂತಾರ. ಖರೇ ಐತಿ. ಆದರೆ ಸುಮ್ಮನೆ ಕೂತವನ ಮುಂದೇ ಎಲ್ಲಾ ನಡೀತಾವ. ಓಡಾಡುವವರಿಗೆ ಅವು ಕಾಣಂಗಿಲ್ಲ.

ನಿಜಾಮರ ಸರಕಾರದ ಮುಸಾಫಿರ ಬಂಗ್ಲೆಗಳನ್ನ ನಾನು ಕಾಯ್ದೆ. ಮೊದಲು ಗಂಗಾವತಿ, ಆಮೇಲೆ ಕುಷ್ಟಗಿ, ಯಲಬುರ್ಗಾ, ಕಡೀಕೆ ಕೊಪ್ಪಳ. ಕಾಯ್ದೆ ಅನ್ನೋದು ಬರೀ ಮಾತು. ಕೆಲಸ ಮಾಡಿದಾಕಿ ನನ್ನ ಹೆಂಡತಿ. ನಾನು ಕೀಲಿ ಹಿಡಕೊಂಡು ಬಾಗಿಲಾಗ ನಿಲ್ಲತಿದ್ದೆ.

ಆಕಿ ಹೋಗಿ ಒಂದು ಮಳಿಗಾಲ ಕಳೀತು. ಈಗ ಕೀಲಿ ಹಿಡಕೊಂಡು ನಿಂತರೂ ಬಾಗಿಲದಾಚೆ ಯಾರೂ ಮಾತಾಡಂಗಿಲ್ಲ. ಅದಕ್ಕ ನೆನಪಿದ್ದದ್ದನ್ನ ಬರಿಯಾಕ ಕೂತೀನಿ. ಸಾಲಿ ನನಗೆ ಕಡಿಮಿ. ಸಾವಕಾಶ ಬರೀತೀನಿ. ನೀವೂ ಸಾವಕಾಶ ಓದ್ರಿ.

೧. ಸಾಹೇಬರ ಮಾತು

ಗಂಗಾವತಿ ಬಂಗ್ಲೆಯ ಅಂಗಳದಾಗ ಒಂದು ಬೇವಿನ ಗಿಡ ಇತ್ತು. ದೂರಕ್ಕೆ ಗುಂಡುಗಲ್ಲಿನ ಗುಡ್ಡ. ಇಳಿಹೊತ್ತಿಗೆ ಆ ಕಲ್ಲುಗಳು ಕೆಂಪಗಾಗಿ, ಆಮೇಲೆ ನೀಲಿಯಾಗಿ, ಆಮೇಲೆ ಇಲ್ಲವೇ ಇಲ್ಲ ಅನ್ನುವಂಗ ಆಗತಿದ್ದವು. ಈಗ ಕಣ್ಣು ಮುಚ್ಚಿದರೆ ಆ ಬಂಗ್ಲೆ ನೀರಿನ ತಳದಾಗ ಇದ್ದಂಗ ಕಾಣತೈತಿ. ಬೇವಿನ ಎಲಿ ಮೀನಿನಂಗ ಅಲುಗತಾವ.

ಕಾಲುವೆ ಎಲ್ಲಿ ಹರಿಸಬೇಕು ಅಂತ ನೆಲ ನೋಡಾಕ ಒಬ್ಬ ಇಂಗ್ಲಿಷ್ ಸಾಹೇಬರು ಬಂದು ಇಳಿದಿದ್ದರು. ಕೂಡ ಕಚೇರಿಯ ಕಾಗದಪತ್ರ ನೋಡುವ ಒಬ್ಬ ಪೇಶ್ಕಾರರು. ಸಾಹೇಬರ ಮಾತು ನಮಗೆ, ನಮ್ಮ ಮಾತು ಸಾಹೇಬರಿಗೆ ತಿಳಿಸೋದು ಪೇಶ್ಕಾರರ ಪಾಲಿಗೆ ಬಂದಿತ್ತು.

ಒಂದು ಸಂಜೆ ಸಾಹೇಬರು ಪಡಸಾಲೆಯ ಬೆತ್ತದ ಕುರ್ಚಿಯಾಗ ಕೂತಿದ್ದರು. ಕೈಯಾಗ ಅವರ ಮೇಮ್‌ಸಾಹೇಬರ ತಸಬೀರು.

"ಜಳಕದ ನೀರು ಕಾದಾವೇನು?" ಅಂತ ಪೇಶ್ಕಾರರು ನನ್ನ ಕೇಳಿದರು.

ನಾನು ವಿಚಾರ ಮಾಡಿದೆ. ಕಾದಾವು ಅಂದರೆ, ಭಾಳ ಕಾದಾವೋ ಬೆಚ್ಚಗ ಅದಾವೋ ಅಂತ ಕೇಳತಾರ. ಅದಕ್ಕೂ ಒಂದು ಉತ್ತರ ಹೊಂದಿಸಿಕೊಂಡು ಎರಡೂ ಕೂಡೇ ಹೇಳೋಣ ಅಂತ ನಿಂತಿದ್ದೆ. ಅಷ್ಟರಾಗ ಆಕಿ ಒಳಗಿಂದ ಬಂದಳು.

"ಕಾದಾವ್ರಿ. ಬಚ್ಚಲದಾಗ ತೋಡಿಟ್ಟೀನಿ. ಟವಲ್ಲೂ ಇಟ್ಟೀನಿ. ಕೋಳಿನೂ ಬೇಯಾಕ ಹತ್ತೈತಿ. ಇದು ನಿನ್ನೆ ಕೊಟ್ಟ ಆ ಮುದುಕಿ ಮನೀ ಕೋಳಿ ಅಲ್ರಿ, ಅದು ಭಾಳ ಜಗಳಗಂಟಿ ಇತ್ತು, ಅದಕ್ಕ ಮಾಂಸ ಗಟ್ಟಿ ಆಗಿತ್ತು. ಇದು ಶಾಂತ ಕೋಳಿ. ಇದರ ಅವ್ವನೂ ಶಾಂತಾನ ಇತ್ತು. ಸಾಹೇಬ್ರು ಖಾರ ತಿಂತಾರೋ ಇಲ್ಲೋ ಕೇಳ್ರಿ."

ಸಾಹೇಬರು ಆಕಿಯನ್ನ ನೋಡಿದರು. ನನ್ನನ್ನ ನೋಡಿದರು. ತಸಬೀರು ನೋಡಿದರು. ಮೆಲ್ಲಗೆ ಒಂದಿಷ್ಟು ಮಾತಾಡಿ, ಉಸುರು ಬಿಟ್ಟು ಎದ್ದು ಜಳಕಕ್ಕೆ ಹೋದರು.

"ಏನಂದ್ರು ಪೇಶ್ಕಾರ್ ಸಾಹೇಬ್ರ?" ಅಂದಳು ಆಕಿ.

ಪೇಶ್ಕಾರರು ಗಂಟಲು ಸರಿ ಮಾಡಿಕೊಂಡರು. "ನೀವು ಗಂಡ ಹೆಂಡತಿ ಚಾಕ್ ಆಂಡ್ ಚೀಸ್ ಅಂತ."

"ಹಂಗಂದ್ರ?"

"ಚಾಕ್ ಅಂದ್ರ ಸಾಲ್ಯಾಗ ಹಲಗಿ ಮ್ಯಾಲ ಬರೀತಾರಲ್ಲ, ಆ ಸುಣ್ಣದ ಕಡ್ಡಿ. ಚೀಸ್ ಅಂದ್ರ ಹಾಲಿಂದ ಮಾಡಿದ್ದು. ಬೆಣ್ಣಿ ಅಲ್ಲ, ಮೊಸರೂ ಅಲ್ಲ. ಗಿಣ್ಣದಂಗ ಗಟ್ಟಿ. ದೂರಿಂದ ಎರಡೂ ಬೆಳ್ಳಗ ಕಾಣತಾವ. ಹತ್ರ ಹೋದ್ರ ಒಂದರದ್ದು ಒಂದಕ್ಕ ಏನೇನೂ ಕೂಡಂಗಿಲ್ಲ. ಪೂರಾ ಉಲ್ಟಾ. ಹಂಗ ಉಲ್ಟಾ ಇದ್ದ ಇಬ್ಬರು ಒಂದ ಕಡೆ ಇದ್ರ, ಇಂಗ್ಲಿಷಿನವ್ರು ಹಿಂಗ ಅಂತಾರ."

"ನಮ್ಮೊಳಗ ಚೀಸ್ ಯಾರಂತ?"

"ಅದನ್ನ ಹೇಳಲಿಲ್ಲ."

"ಮತ್ತ ಕೇಳಬೇಕಿಲ್ರಿ! ಅರ್ಧಾ ಮಾತು ತಗೊಂಡು ನಾವೇನು ಮಾಡೋಣು?"

ಉಣ್ಣೋಮುಂದ ಆಕಿ ತಾನೇ ತೀರ್ಪು ಕೊಟ್ಟಳು. "ಹಾಲಿಂದ ಮಾಡಿದ್ದಂದ್ರ ಅದು ನಾನ. ನೀವು ಸುಣ್ಣದ ಕಡ್ಡಿ. ಗ್ವಾಡಿಗೆ ಒರಗಿಸಿದ್ರ ಒರಗಿದಲ್ಲೇ ಇರತೀರಿ."

ನನಗೂ ಚೀಸ್ ಆಗಬೇಕಂತ ಆಸೆ ಆತು. ನಾನೂ ಹಾಲು ಕುಡದ ಬೆಳದವನು ಅನ್ನಬೇಕಿತ್ತು. ಈ ಉತ್ತರ ನನಗೆ ಹೊಳೆದದ್ದು ಮರುದಿನ ಮುಂಜಾನೆ. ಓಡಿ ಹೋಗಿ ಹೇಳಿದೆ. ಅಷ್ಟೊತ್ತಿಗೆ ಆಕಿ ಬೇರೆ ಜಗಳದಾಗ ಇದ್ದಳು.

೨. ಡಬ್ಬಿ

ಸಾಹೇಬರು ಹೋಗೋಮುಂದ ಆಕಿಯ ಕೈಯಾಗ ಒಂದು ತಗಡಿನ ಡಬ್ಬಿ ಇಟ್ಟರು. "ಚೀಸ್" ಅಂದರು. ಆ ಮಾತು ತಿಳಿಯಾಕ ಪೇಶ್ಕಾರರು ಬೇಕಾಗಲಿಲ್ಲ.

ಡಬ್ಬಿಗೆ ಮುಚ್ಚಳ ಇಲ್ಲ. ಮ್ಯಾಲೂ ತಗಡು, ಕೆಳಗೂ ತಗಡು. ಎಲ್ಲಿಂದ ತಗೀಬೇಕು ಅನ್ನೋದು ಇಲ್ಲ. ಆಕಿ ಕುಡಗೋಲಿನಿಂದ ಕೆರೆದಳು. ಒಳಕಲ್ಲಿನ ಗುಂಡಿನಿಂದ ಕುಟ್ಟಿದಳು. ಡಬ್ಬಿ ಉರುಳಿ ಅಂಗಳಕ್ಕೆ ಹೋತು. ನಾನು ಹಿಂದಿಂದ ಹೋಗಿ ತಂದೆ. ಮತ್ತ ಕುಟ್ಟಿದಳು, ಮತ್ತ ಹೋತು, ಮತ್ತ ತಂದೆ. ಹಿಂಗ ಒಂದು ಮಧ್ಯಾಹ್ನ ಕಳೀತು. ಬೇವಿನ ನೆರಳು ಅತ್ತಿಂದ ಇತ್ತ ಬಂತು. ಈಗ ಅನಸತೈತಿ, ಆ ಮಧ್ಯಾಹ್ನ ಮುಗೀಬಾರದಿತ್ತು.

ಕಡೀಕೆ ಕಮ್ಮಾರನ್ನ ಕರಸಿದಿವಿ. ಅವ ಡಬ್ಬಿಯನ್ನ ತಿರುಗಿಸಿ ನೋಡಿ, ಕಿವಿ ಹತ್ತಿರ ಅಲುಗಾಡಿಸಿ, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಬೆವರು ಒರಸಿಕೊಂಡ.

"ಯವ್ವಾ, ನಾ ಎಂಥೆಂಥಾ ಕಬ್ಬಣ ನೋಡೀನಿ. ಇಷ್ಟು ಬಡಿದ್ರೂ ಬಾಯಿ ಬಿಡದ್ದು ನೋಡಿಲ್ಲ."

"ನಮ್ಮ ಮನ್ಯಾಗ ಇನ್ನೊಂದು ಐತ್ಯಪ್ಪಾ" ಅಂದಳು ಆಕಿ. ನನ್ನ ಕಡೆ ನೋಡಲಿಲ್ಲ.

ಡಬ್ಬಿ ತೆರೀತು. ವಾಸನೆ ಬಂತು. ಕಮ್ಮಾರ ಉಳಿ ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ನಿಂತ. ಆಕಿ ಧೈರ್ಯ ಮಾಡಿ ಒಂದು ಚೂರು ಬಾಯಾಗ ಇಟ್ಟುಕೊಂಡಳು. ನಾನೂ ಇಟ್ಟುಕೊಂಡೆ. ಸಾಬೂನಿಗೆ ಉಪ್ಪು ಸವರಿ ಮೂರು ದಿನ ಒದ್ದಿ ಬಟ್ಟೆಯಾಗ ಕಟ್ಟಿಟ್ಟಂಗ ಇತ್ತು. ಆಕಿ ಬೇವಿನ ಬುಡಕ್ಕೆ ಓಡಿ ಉಗುಳಿ ಬಂದು, ಸೆರಗಿನಿಂದ ಬಾಯಿ ಒರಸಿಕೊಂಡಳು.

"ಏನ್ರಿ, ವಿಚಾರ ಮಾಡಿದೆ. ಚೀಸ್ ನೀವ ಆಗ್ರಿ. ಗಂಡಸರಿಗೆ ದೊಡ್ಡ ಹೆಸರ ಇರಲಿ."

"ಬ್ಯಾಡ. ನಾ ಸುಣ್ಣನ ಇರತೀನಿ" ಅಂದೆ. ಈ ಸಲ ಲಗೂನ ಅಂದೆ.

ನಗಿ ಆತು. ಆದರೆ ಆ ದಿನದಿಂದ ನನ್ನೊಳಗ ಒಂದು ಹುಳ ಸೇರಿಕೊಂಡಿತು. ಪೂರಾ ಉಲ್ಟಾ ಅಂದರು ಸಾಹೇಬರು. ಆಕಿ ಮಾತಿನಾಕಿ, ನಾನು ಮಾತಿಲ್ಲದವ. ಇಂಥವನ ಕೂಡ ಬಾಳೇ ಮಾಡೋದು ಆಕಿಗೆ ಬ್ಯಾಸರ ಅನಸತೈತೇನು? ಆಕಿ ಕಣ್ಣಾಗ ನಾನು ಯಾವುದು? ಒಂದು ಸಂಜೆ ಕೇಳೇಬಿಟ್ಟೆ.

"ಖರೇ ಹೇಳು. ನಾ ಚಾಕೋ, ಚೀಸೋ?"

"ಸಾಯೋಮುಂದ ಹೇಳ್ತೀನಿ. ಈಗ ಹೇಳಿದ್ರ ನೀವು ಮಾತಾಡೋದು ಬಿಡತೀರಿ."

"ನಾ ಮೊದಲ ಮಾತಾಡಂಗಿಲ್ಲಲ್ಲ."

"ಅದಕ್ಕ. ಇದ್ದದ್ದೂ ಹೋದೀತು."

ಖಾಲಿ ಡಬ್ಬಿಯನ್ನ ಬೂದಿ, ಹುಣಸಿಹಣ್ಣು ಹಚ್ಚಿ ತಿಕ್ಕಿದಳು. ಅದರಾಗ ಹುಲಿಗೆಮ್ಮನ ಗುಡಿಯ ಭಂಡಾರ, ಅರಿಷಿಣ ಪುಡಿ, ತುಂಬಿ ಗ್ವಾಡಿಯ ಗೂಡಿನ್ಯಾಗ ಇಟ್ಟಳು. ಚೀಸ್ ಮಾತ್ರ ಬಂಗ್ಲೆಯ ಬೆಕ್ಕು ತಿಂತು. ತಿಂದು, ಇಂಗ್ಲಿಷ್ ಸಾಹೇಬರು ಬಂದಾಗ ಅಷ್ಟ ಒಳಗ ಬರಾಕ ಹತ್ತಿತು. ತಾಸೀಲ್ದಾರರು ಬಂದರೆ ತಿರುಗಿ ಸೈತ ನೋಡತಿದ್ದಿಲ್ಲ.

೩. ನವಲಿಯಿಂದ ಬಂದ ಗಾಡಿ

ಆಕಿಗೆ ಒಬ್ಬ ತಮ್ಮ. ನವಲಿಯಾಗ ಭತ್ತದ ಹೊಲ ಮಾಡಿಕೊಂಡಿದ್ದ. ಅಕ್ಕನ ಮ್ಯಾಲ ಜೀವ. ನನ್ನ ಮ್ಯಾಲ ಅನುಮಾನ. ಸಾಹೇಬರ ಮಾತು ಯಾರೋ ಅವನ ಕಿವಿಗೆ ಹಾಕಿದರು. ಗಾಡಿ ಕಟ್ಟಿಕೊಂಡು ಗಂಗಾವತಿಗೆ ಬಂದ.

"ನಡಿ ಅಕ್ಕಾ ಊರಿಗೆ. ಊರ ಮಂದಿ ಅಂದ್ರ ಬಿಡಬಹುದು. ಸಮುದ್ರದಾಚಿಂದ ಬಂದ ಸಾಹೇಬ, ಒಂದ ಸಂಜಿ ನೋಡಿ ನಿಮ್ಮ ಜೋಡಿ ಉಲ್ಟಾ ಐತಿ ಅಂತ ಅಂದಾನಂದ್ರ, ನಮ್ಮಪ್ಪಗ ಮದುವಿ ಮಾಡೋಮುಂದ ಯಾಕ ಕಾಣಲಿಲ್ಲ?"

"ಅವ್ರನ್ನ ಕೇಳು" ಅಂತ ಆಕಿ ನನ್ನ ಕಡೆ ಕೈ ಮಾಡಿದಳು.

"ಏನು ಹೇಳತೀ ಮಾವಾ? ಆಕಿನ ಕರಕೊಂಡು ಹೋಗಲೇನು?"

ಹೇಳೋದು ಭಾಳ ಇತ್ತು. ಆಕಿ ಇಲ್ಲದೆ ಈ ಬಂಗ್ಲೆ ಬರೀ ಗ್ವಾಡಿ. ಆಕಿ ಮಾತಾಡದಿದ್ದರೆ ಹೊತ್ತು ಹೊಂಟದ್ದೇ ನನಗೆ ತಿಳಿಯಂಗಿಲ್ಲ. ಇದನ್ನೆಲ್ಲಾ ಸಾಲಾಗಿ ಹಚ್ಚಿ ಹೇಳಬೇಕು. ಹಚ್ಚಾಕ ಹತ್ತಿದೆ.

"ಮೊದಲ ಊಟ ಮಾಡು" ಅಂದೆ.

ಅವ ಉಂಡ. ರೊಟ್ಟಿ, ಪುಂಡಿಪಲ್ಯ, ಮೊಸರು. ನನ್ನ ಉತ್ತರಕ್ಕ ಕಾಯ್ದ. ಕಾಯತಾ ಕಾಯತಾ ಪಡಸಾಲೆಯಾಗ ಮಲಗಿದ. ಗಾಳಿ ತಂಪಿತ್ತು. ಗೊರಕಿ ಬಂತು. ಅಂಗಳದಾಗ ಅವನ ಎತ್ತುಗಳು ಹಗ್ಗ ಉಚ್ಚಿಕೊಂಡು ಬಂಗ್ಲೆಯ ಹೂವಿನ ಗಿಡಗಳನ್ನೆಲ್ಲಾ ನೆಮ್ಮದಿಯಿಂದ ಮೇಯ್ದವು. ನಾನು ನೋಡಿದೆ. ಎಬ್ಬಿಸೋಣೋ ಬ್ಯಾಡೋ ಅಂತ ವಿಚಾರ ಮಾಡಿದೆ.

ಅಷ್ಟರಾಗ ತಾಸೀಲ್ದಾರರ ಟಾಂಗಾ ದೂರದಾಗ ಕಂಡಿತು. ಆಕಿ ತಮ್ಮನ್ನ ಬಡದೆಬ್ಬಿಸಿದಳು. "ಏಳೋ! ಸರಕಾರಿ ಹೂವು ತಿಂದಾವು ನಿನ್ನ ಎತ್ತು. ಓಡು!"

ಅವ ಹೌಹಾರಿ ಎದ್ದು ಗಾಡಿ ಹೂಡಿದ. ಹೋಗೋಮುಂದ ಕೂಗಿದ: "ನಿನ್ನ ಗಂಡ ಉತ್ತರ ಕೊಡೂತನಾ ಕುಂತ್ರ ಕಣದಾಗ ನನ್ನ ಭತ್ತ ಮೊಳೀತಾವ!"

ಧೂಳು ಎದ್ದಿತು. ಧೂಳಿನ ಮ್ಯಾಲ ಸಂಜೆ ಬಿಸಿಲು ಬಿದ್ದು ಬಂಗಾರದ ಪರದೆ ಕಟ್ಟಿದಂಗ ಆತು. ಅದರಾಗ ಗಾಡಿ ಕರಗಿತು. ಆಗ ನನಗೆ ಮಾತು ಕೂಡಿ ಬಂತು. ಎದಿ ಎತ್ತಿ, ಜೋರಾಗಿ ಅಂದೆ: "ಆಕಿ ಎಲ್ಲಿಗೂ ಬರಂಗಿಲ್ಲ!"

ಬಾಜೂಕ ಆಕಿ ಕಸಬರಿಗಿ ಹಿಡಕೊಂಡು ನಿಂತಿದ್ದಳು. "ಭಾಳ ಛಲೋ ಹೇಳಿದ್ರಿ. ಗಾಡಿ ನವಲಿ ಮುಟ್ಟಿರಬೇಕು."

೪. ಜೋಡೆತ್ತು

ನಮಗೆ ಕುಷ್ಟಗಿಗೆ ಬದಲಿ ಆತು. ಅಲ್ಲಿ ಬಂಗ್ಲೆಗೆ ಹತ್ತಿಕೊಂಡು ಒಬ್ಬ ಒಕ್ಕಲಿಗನ ಹೊಲ. ಅವನ ಎತ್ತುಗಳಾಗ ಒಂದು ಗಾಳಿಯಂಗ ಎಳೀತಿತ್ತು. ಇನ್ನೊಂದು ನೊಗ ಇಟ್ಟ ಕೂಡಲೇ ಮಲಗತಿತ್ತು.

ಆಕಿ ಬೇಲಿಯ ಮ್ಯಾಲಿಂದ ನೋಡಿ ಅಂದಳು: "ಅಣ್ಣಾರ, ನಿಮ್ಮ ಜೋಡಿ ಚಾಕ್-ಚೀಸ್ ಐತಿ."

"ಅದು ಛಲೋ ಮಾತೋ ಕೆಟ್ಟ ಮಾತೋ ತಂಗಿ?"

"ಸಾಹೇಬ್ರು ಬಂಗ್ಲ್ಯಾಗ ಕುಂತು ಆಡಿದ ಮಾತ್ರಿ."

ಅವನಿಗೆ ಅಷ್ಟು ಸಾಕಾತು. ದನದ ಸಂತ್ಯಾಗ ಎತ್ತು ನಿಲ್ಲಿಸಿ, "ಸಾಹೇಬ್ರ ಮಾತಿನ್ಯಾಗ ಹೇಳಬೇಕಂದ್ರ ಇದು ಚಾಕ್-ಚೀಸ್ ಜೋಡಿ" ಅಂದ. ಇಂಗ್ಲಿಷಿನ ಮಾತು ಕೇಳಿ ಜನ ಮುತ್ತಿದರು. ಒಬ್ಬ ಕೊಂಡುಕೊಂಡು ಹೋದ.

ಎಂಟು ದಿನಕ್ಕೆ ಕೊಂಡವ ಸಿಟ್ಟಿನಿಂದ ಬಂದ. ಒಕ್ಕಲಿಗ ಮನಿಯಾಗ ಇಲ್ಲ. ಮಾತು ಬಂಗ್ಲೆಯಾಗ ಹುಟ್ಟಿದ್ದು ಅಂತ ತಿಳಿದು ನಮ್ಮ ಅಂಗಳಕ್ಕೇ ಬಂದ.

"ಒಂದು ಎಳೀತೈತಿ, ಒಂದು ಮಲಗತೈತಿ! ಇದೆಂಥಾ ಮೋಸ!"

"ಮೋಸ ಎಲ್ಲೈತ್ರಿ?" ಅಂದಳು ಆಕಿ. "ಚಾಕ್-ಚೀಸ್ ಅಂದ್ರ ಒಂದಕ್ಕೊಂದು ಉಲ್ಟಾ ಅಂತ. ಪಾಪ, ಇದ್ದದ್ದ ಇದ್ದಂಗ ಹೇಳಿ ಮಾರ್‍ಯಾನ. ದನದ ಸಂತ್ಯಾಗ ಇಂಥಾ ಸತ್ಯವಂತ ಯಾವಾಗರೆ ಸಿಕ್ಕಿದ್ದನೇನು ನಿಮಗ?"

ಅವ ಕಟ್ಟಿ ಮ್ಯಾಲ ಕೂತು ಭಾಳ ಹೊತ್ತು ವಿಚಾರ ಮಾಡಿದ. ನಾನೂ ಬಾಜೂಕ ಕೂತೆ. ಇಬ್ಬರೂ ಮೋಡ ನೋಡಿದಿವಿ. ಒಂದು ಬೆಳ್ಳಗಿನ ಮೋಡ ನಿಂತೇ ಇತ್ತು, ಇನ್ನೊಂದು ಅದನ್ನ ದಾಟಿ ಹೋತು. ಆಮೇಲೆ ಅವ ಎದ್ದು ಹೋದ.

ಮುಂದಿನ ಸಂತ್ಯಾಗ ನೋಡತೀನಿ, ಅವನೇ ಅದೇ ಜೋಡಿ ಹಿಡಕೊಂಡು ನಿಂತಾನ. ಯಲಬುರ್ಗಾದವನೊಬ್ಬನ ಮುಂದ ಕೂಗಾಕ ಹತ್ಯಾನ: "ಬರ್ರಿ, ಚಾಕ್-ಚೀಸ್ ಜೋಡಿ! ಸುಳ್ಳು ಹೇಳಿ ಮಾರೋ ಮಂದಿ ಅಲ್ರಿ ನಾವು!"

೫. ಕುಬಸದ ಮನಿ

ಎತ್ತಿನ ಹಿಂದೆ ನಾವೂ ಯಲಬುರ್ಗಾಕ್ಕೆ ಹೋದಿವಿ. ನಮ್ಮಿಬ್ಬರ ಸುದ್ದಿ ನಮಗಿಂತ ಮುಂಚೇನ ಅಲ್ಲಿ ಮುಟ್ಟಿತ್ತು.

ಬಾಜೂ ಮನಿಯಾಗ ಬಸುರಿಗೆ ಕುಬಸ. ಹೆಂಗಸರೆಲ್ಲಾ ಕೂಡಿದ್ದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಸುಮ್ಮನೆ ಹೇಳಂಗಿಲ್ಲ. ಇಂಥಾ ಕಾರ್ಯದಾಗ ಬಾಗಿಲಿಗೆ ಅಡ್ಡ ನಿಂತು ಹೇಳಸತಾರ. ಅದೂ ಒಡಪು ಕಟ್ಟಿ, ಅದರಾಗ ಹೆಸರು ಸೇರಿಸಿ ಹೇಳಬೇಕು. ಇಲ್ಲಂದ್ರ ಒಳಗ ಬಿಡಂಗಿಲ್ಲ.

ಆಕಿಗೆ ನನ್ನ ಹೆಸರು ಹೇಳಾಕ ಭಾಳ ನಾಚಿಕಿ. ಊರೆಲ್ಲಾ ಮಾತಾಡಾಕಿ ಅಲ್ಲಿ ಮಾತ್ರ ತಡವರಸತಿದ್ದಳು. ನಾನು ಹೊರಗ ಗಂಡಸರ ಕೂಡ ಕೂತಿದ್ದೆ. ಕಿವಿ ಒಳಗಿತ್ತು. ನನ್ನ ಹೆಸರು ಆಕಿ ಬಾಯಾಗ ಹೆಂಗ ಕೇಳಸತೈತಿ ಅಂತ ಪ್ರತಿ ಸಲ ಕಾಯತಿದ್ದೆ.

ಒಬ್ಬ ಮುದುಕಿ, ಬಸುರಿಯ ಸೋದರತ್ತಿ, ಹೊಸ್ತಿಲಿಗೆ ಕಾಲು ಅಡ್ಡ ಇಟ್ಟಿದ್ದಳು. "ಹೇಳವಾ ಗಂಡನ ಹೆಸರು."

ಆಕಿ ಶುರು ಮಾಡಿದಳು:

"ಎಳಿ ಬಿಸಿಲಾಗ ಎಳ್ಳ ಒಣಗ್ಯಾವ, ಕೈಯಾಡಿಸಿ ನೋಡ್ರಿ.
ಸಾಹೇಬ್ರು ಇಟ್ಟ ಹೆಸರ ಎರಡ ಅದಾವ, ಬೇಕಾದ್ದ ತಗೋರಿ.
ಚಾಕ ಒಂದು, ಚೀಸ ಒಂದು, ಒಳಗ ಬಿಡ್ರಿ."

"ಎರಡ ಹೆಸರ ಯಾಕ? ಒಬ್ಬ ಗಂಡಗ ಒಂದ ಹೆಸರು" ಅಂದಳು ಸೋದರತ್ತಿ.

"ಒಂದು ನಂದ್ರಿ, ಒಂದು ಅವ್ರದು."

"ಅವ್ರದು ಯಾವ್ದು?"

"ಅದು ಇನ್ನೂ ತೀರ್ಮಾನ ಆಗಿಲ್ರಿ."

ಸೋದರತ್ತಿ ಕಾಲು ತೆಗೆದು ಎದಿ ಮ್ಯಾಲ ಕೈ ಇಟ್ಟುಕೊಂಡಳು. "ಕೇಳಿದ್ರೇನವಾ! ಮದುವಿ ಆಗಿ ಇಷ್ಟು ವರ್ಷ ಆತು, ಗಂಡ ಯಾವನು ಅನ್ನೋದ ಈಕಿಗೆ ಇನ್ನೂ ತೀರ್ಮಾನ ಆಗಿಲ್ಲಂತ!"

೬. ಪೇಶ್ಕಾರರ ಮಾತು

ಕಡೀಕೆ ಕೊಪ್ಪಳ. ಕೋಟೆಯ ಕೆಳಗ ಮುಂಜಾನೆ ಮಂಜು ಹರಡಿದರೆ ಊರು ಅರ್ಧ ಇರತಿತ್ತು, ಅರ್ಧ ಇರತಿದ್ದಿಲ್ಲ. ಅಂಥಾ ಒಂದು ಮುಂಜಾನೆ ಮಂಜಿನೊಳಗಿಂದ ಒಬ್ಬ ಮುದುಕರು ಕೋಲೂರಿ ಬಂದರು. ಗಂಗಾವತಿಯ ಪೇಶ್ಕಾರರು. ನೌಕರಿ ಮುಗಿಸಿ ಕೊಪ್ಪಳದಾಗ ಮಗಳ ಮನಿಯಾಗ ಇದ್ದರು.

ಆಕಿ ಚಹಾ ಮಾಡಿ ತಂದಳು. "ಪೇಶ್ಕಾರ್ ಸಾಹೇಬ್ರ, ಈಗರೆ ಹೇಳ್ರಿ. ಸಾಹೇಬ್ರು ಯಾರನ್ನ ಚಾಕ್ ಅಂದ್ರು, ಯಾರನ್ನ ಚೀಸ್ ಅಂದ್ರು? ನಮ್ಮ ಜಗಳ ಇನ್ನೂ ಮುಗಿದಿಲ್ಲ."

ಪೇಶ್ಕಾರರು ಬಶಿಯಾಗ ಚಹಾ ಸುರುವಿಕೊಂಡು ಊದಿದರು. ಊದಿದ್ದು ಭಾಳ ಆತು.

"ತಂಗಿ, ನನಗ ಆಗ ಇಂಗ್ಲಿಷ್ ಅರ್ಧಾ ಬರತಿತ್ತು. ಆವತ್ತು ಮೊದಲಿನ ಮಾತು ತಿಳೀಲಿಲ್ಲ. ಕಡೀ ಎರಡು ಮಾತು ಅಷ್ಟ ತಿಳಿದ್ವು. ಆಮ್ಯಾಲ ಸಾಹೇಬ್ರ ಕೂಡ ಊರೂರು ತಿರಗಿದೆ. ಮೇಮ್‌ಸಾಹೇಬ್ರ ತಸಬೀರು ನೋಡಿದಾಗೆಲ್ಲಾ ಹಂಗ ಅಂತಿದ್ರು. ಚಾಕ್ ಆಂಡ್ ಚೀಸ್ ಅಂದದ್ದು ನಿಮಗಲ್ಲ. ತಮಗೂ ಮೇಮ್‌ಸಾಹೇಬ್ರಿಗೂ. ಮೇಮ್‌ಸಾಹೇಬ್ರು ಬಿಟ್ಟು ಹೋಗಿದ್ರಂತ. ನಿಮ್ಮನ್ನ ನೋಡಿ, ಇವರು ಹೆಂಗ ಕೂಡಿ ಅದಾರ ನೋಡು, ಅಂದಿರಬೇಕು."

ನನ್ನ ಎದಿಯಿಂದ ಒಂದು ಕಲ್ಲು ಇಳಿದಂಗ ಆತು. ಸಾಹೇಬರು ನಮ್ಮನ್ನ ಉಲ್ಟಾ ಅಂದೇ ಇರಲಿಲ್ಲ. ಆಕಿಯ ಮುಖ ನೋಡಿದೆ. ಸಂತೋಷ ಇರಲಿಲ್ಲ. ಮೈಮೇಲಿನ ಒಡವೆ ಯಾರೋ ಬಿಚ್ಚಿಕೊಂಡಂಗ ನಿಂತಿದ್ದಳು.

ಆಮೇಲೆ ಸೆರಗು ಬಿಗಿದಳು. "ನೋಡ್ರಿ, ಆ ಹೆಸರ ಮ್ಯಾಲ ಎತ್ತು ಮಾರ್‍ಯಾವ, ಒಡಪು ಹೇಳೀನಿ, ನಮ್ಮ ತಮ್ಮ ಗಾಡಿ ಕಟಗೊಂಡು ಬಂದು ಹೋಗ್ಯಾನ. ಕೊಟ್ಟದ್ದು ವಾಪಸ್ ಕೊಡಂಗಿಲ್ಲ. ಮೇಮ್‌ಸಾಹೇಬ್ರಿಗೆ ಬೇಕಾದ್ರ ಬ್ಯಾರೆ ಹೆಸರ ಹುಡಿಕ್ಕೊಳ್ಳಲಿ."

ಪೇಶ್ಕಾರರು ಬಶಿ ಕೆಳಗ ಇಟ್ಟು ತಲಿ ಅಲ್ಲಾಡಿಸಿದರು. "ಇದನ್ನ ಇಂಗ್ಲಿಷಿನ್ಯಾಗ ಹೇಳಾಕ ಈಗೂ ನನಗ ಬರಂಗಿಲ್ಲ."

೭. ಗೂಡಿನ್ಯಾಗಿಂದು

ಆಕಿಗೆ ಜ್ವರ ಬಂತು. ಬಂದದ್ದು ಹೋಗಲಿಲ್ಲ. ವೈದ್ಯರು ಬಂದರು, ಪುಡಿ ಕೊಟ್ಟರು, ನನ್ನ ಕಣ್ಣು ತಪ್ಪಿಸಿ ಹೋದರು. ನವಲಿಯಿಂದ ತಮ್ಮ ಬಂದು ಹೊರಗಿನ ಕಟ್ಟಿ ಮ್ಯಾಲ ತಲಿ ಹಿಡಕೊಂಡು ಕೂತ.

ಆ ದಿನಗಳಾಗ ಎಲ್ಲಾ ತಿರುವುಮುರುವು. ಆಕಿ ನನ್ನಂಗ ಸಾವಕಾಶ ಮಾತಾಡತಿದ್ದಳು. ನಾನು ಆಕಿಯಂಗ ಓಡತಿದ್ದೆ. ಒಲಿ, ನೀರು, ಗಂಜಿ, ಮತ್ತ ಒಲಿ. ಸಾಹೇಬರು ಈಗ ಬಂದು ನೋಡಿದ್ದರೆ ಯಾರು ಯಾವುದು ಅಂತ ಅವರಿಗೂ ತಿಳೀತಿದ್ದಿಲ್ಲ.

ಒಂದು ಮಧ್ಯಾಹ್ನ. ಕಿಡಕಿಯಿಂದ ಬಿಸಿಲಿನ ಒಂದು ಪಟ್ಟಿ ಬಂದು ಗೂಡಿನ ಮ್ಯಾಲ ಬಿದ್ದಿತ್ತು. ಧೂಳಿನ ಕಣ ಅದರಾಗ ತೇಲತಿದ್ದವು.

"ಕೇಳ್ರಿ" ಅಂದಳು.

"ಏನು?"

"ಆ ಮಾತು ಕೇಳ್ರಿ. ಇನ್ನ ಯಾವಾಗ ಕೇಳತೀರಿ?"

ಯಾವ ಮಾತು ಅಂತ ನನಗೆ ತಿಳೀತು. ಇಷ್ಟು ವರ್ಷ ಅದೊಂದೇ ಕೇಳಬೇಕು ಅಂತ ಇದ್ದವ ನಾನು. ಆದರೆ ಸಾಯೋಮುಂದ ಹೇಳ್ತೀನಿ ಅಂದಿದ್ದಳು. ಕೇಳಿದರೆ ನಾನು ಒಪ್ಪಿಕೊಂಡಂಗ. ತುಟಿ ಬಿಗಿ ಹಿಡಿದೆ.

"ನೀವು ಕೇಳೂತನಾ ನಾ ಇರಂಗಿಲ್ಲ. ನಾನ ಹೇಳ್ತೀನಿ." ಕೈ ಎತ್ತಾಕ ಆಗಲಿಲ್ಲ. ಕಣ್ಣಿನಿಂದ ಗೂಡು ತೋರಿಸಿದಳು. "ನೀವು ಚಾಕೂ ಅಲ್ಲ. ಚೀಸೂ ಅಲ್ಲ. ಅದು ನೀವು."

ಗೂಡಿನ್ಯಾಗ ಹುಲಿಗೆಮ್ಮನ ಭಂಡಾರದ ಡಬ್ಬಿ. ಅಂಚಿಗೆ ಕಮ್ಮಾರನ ಉಳಿಯ ಗುರುತು ಹಂಗೇ ಇತ್ತು.

"ಡಬ್ಬಿ?" ಅಂದೆ.

"ಡಬ್ಬಿ. ಬಾಯಿ ತೆಗಸಬೇಕಂದ್ರ ಕಮ್ಮಾರ ಬರಬೇಕು." ಉಸುರು ತಗೊಂಡಳು. "ಆದ್ರ ಒಳಗ ಏನಿಟ್ರೂ ಕೆಡಂಗಿಲ್ಲ. ನಾ ಇಟ್ಟು ನೋಡೀನಿ."

ನನಗೆ ಮೊದಲು ತಿಳೀಲಿಲ್ಲ. ಆಮೇಲೆ ತಿಳೀತು. ಅಂಗಳದಾಗ ಉರುಳುವ ಡಬ್ಬಿ ಕಂಡಿತು, ಅದರ ಹಿಂದಿಂದ ಹೋಗುವ ನಾನು ಕಂಡೆ, ಬೆವರು ಒರಸುವ ಕಮ್ಮಾರ ಕಂಡ. ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ತಡೀಲಿಲ್ಲ. ನಕ್ಕೆ. ಗ್ವಾಡಿ ನಡುಗುವಂಗ ನಕ್ಕೆ. ಹುಟ್ಟಿ ಅಷ್ಟು ದೊಡ್ಡದಾಗಿ ನಾನು ನಕ್ಕಿರಲಿಲ್ಲ.

ನಾನು ನಕ್ಕದ್ದನ್ನ ಆಕಿಯ ತಮ್ಮನೂ ಯಾವತ್ತೂ ಕೇಳಿರಲಿಲ್ಲ. ಹೊರಗ ಕೂತವನಿಗೆ ಅದು ಅಳುವಂಗ ಕೇಳಿಸಿತು. ಬಾಗಿಲು ದೂಡಿಕೊಂಡು ಓಡಿ ಬಂದ. ಬಾಯಿ ಬಾಯಿ ಬಡಕೊಂಡ. "ಅಯ್ಯೋ ಅಕ್ಕಾ! ಹೋದ್ಯಾ ಅಕ್ಕಾ! ನಮ್ಮನ್ನ ಬಿಟ್ಟು ಹೋದ್ಯಾ!"

ಆಕಿ ಕಣ್ಣು ತೆರೆದಳು.

"ಸುಮ್ನಿರೋ ತಮ್ಮಾ, ನಾ ಇನ್ನೂ ಅದೀನಿ. ಡಬ್ಬಿ ತೆರೀತು. ಅದರ ಸಪ್ಪಳ ಅದು."